ನೇರಳೆ ಹೆಬ್ಬೆರಳು

"ಈ ಕಾಗದ ಮುಟ್ಟಿದ್ದು ಯಾರು?"

ಅದು ಐವತ್ತೆರಡನೇ ಇಸವಿ. ಮಲ್ಲೇಶ್ವರದ ಆ ಪ್ರಯೋಗಾಲಯದಲ್ಲಿ ಮುಖ್ಯಸ್ಥ ವೀರಭದ್ರಯ್ಯನವರು ದನಿ ಏರಿಸುವುದೇ ಅಪರೂಪ. ಅವರ ಕೈಯಲ್ಲಿದ್ದದ್ದು ಸಹಾಯಕಿ ಶಿವಕುಮಾರಿ ಸಿದ್ಧಪಡಿಸಿದ್ದ ಕಾಗದ.

ಬಡಕಲು ಮಕ್ಕಳ ರಕ್ತದ ತಿಳಿಯನ್ನು ದುಂಡನೆಯ ಫಿಲ್ಟರ್ ಕಾಗದದ ನಡುವೆ ಹನಿಸಿ, ದ್ರಾವಣ ಹರಿಸಿ, ಒಣಗಿಸಿ, ಬಣ್ಣ ಬರಿಸುವ ಔಷಧ ಸಿಂಪಡಿಸಿ ಬಿಸಿ ಮಾಡಿದರೆ ಅಮೈನೋ ಆಮ್ಲಗಳು ನೇರಳೆ ಬಳೆಗಳಾಗಿ ಏಳುತ್ತವೆ. ಬಣ್ಣ ಗಾಢವಾದಷ್ಟೂ ಆ ಆಮ್ಲದ ಪ್ರಮಾಣ ಹೆಚ್ಚು. ಆದರೆ ಇಲ್ಲಿ ಬಳೆಗಳ ಮೇಲೆಯೇ ಬೆರಳಿನ ಗುರುತುಗಳು ಕೂತಿದ್ದವು!

ಇನ್ನೊಂದು ಕಾಗದ ಕೆಟ್ಟರೆ ಮನೆಗೆ ಕಳಿಸುತ್ತೇನೆ ಎಂದು ಅವರು ಅವಳಿಗೆ ಮೊದಲೇ ಹೇಳಿದ್ದರು. ಒಮ್ಮೆ ಮನೆ ಸೇರಿದರೆ ತರಗುಪೇಟೆಯ ಬೇಳೆ ಮಂಡಿಯ ಅಪ್ಪ ಮತ್ತೆ ಹೊರಗೆ ಬಿಡುವವರಲ್ಲ.

"ನಾನೇ ಸರ್," ಎಂದ ಮೂಲೆಯಲ್ಲಿದ್ದ ಯುವಕ. ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ಮುರುಗೇಶ. "ಒಣಗಿದ್ಯಾ ಅಂತ ಮುಟ್ಟಿ ನೋಡ್ದೆ."

ಬೈಗುಳವೆಲ್ಲ ಅವನ ಪಾಲಾಯಿತು. ಶಿವಕುಮಾರಿಗೆ ಮಾತ್ರ ಮೈಯೆಲ್ಲ ಉರಿಯಿತು. ಯಾರನ್ನು ಕೇಳಿ ಮುಟ್ಟಿದ ಇವನು?

"ಇನ್ಮೇಲೆ ನನ್ನ ಮೇಜಿನ ಹತ್ರ ಬರ್ಬೇಡಿ."

"ಬರಲ್ಲ, ಬಿಡಿ."

ಹೇಳಿದಂತೆ ಅವನು ಬರಲಿಲ್ಲ. ಆದರೂ ಮುಂದಿನ ವಾರ ಅವಳ ಹೊಸ ಕಾಗದದ ಮೇಲೆ ಮತ್ತೆ ಬೆರಳ ಗುರುತು! ಮುರುಗೇಶನೋ ರಕ್ತದ ಸೀಸೆ ತರಲು ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದ. ಹಾಗಾದರೆ...

ಒಣಹಾಕುವಾಗ ಅವಳೇ ಕಾಗದ ತಿರುಗಿಸುತ್ತಿದ್ದಳು, ನಿಜ. ಆದರೆ ಅದು ಸೋಪು ಹಚ್ಚಿ ತಿಕ್ಕಿ ತೊಳೆದ ಕೈ. ಅಡುಗೆಗೂ ಪೂಜೆಗೂ ಆಗುವ ಕೈ ಇಲ್ಲಿ ಆಗದೇ?

ಕುತೂಹಲ ತಡೆಯಲಾಗಲಿಲ್ಲ. ಮತ್ತೆ ಕೈ ತೊಳೆದು, ಹೊಸ ಕಾಗದಕ್ಕೆ ಹೆಬ್ಬೆರಳು ಒತ್ತಿ, ಔಷಧ ಸಿಂಪಡಿಸಿ ಬಿಸಿ ಮಾಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೆಲ್ಲಗೆ ನೇರಳೆ ಗೆರೆಗಳು... ನಡುವೆ ಒಂದು ಬಿಳಿಯ ಸೀಳು. ಚಿಕ್ಕಂದಿನಲ್ಲಿ ಈಳಿಗೆಮಣೆ ಕೊಯ್ದ ಗಾಯದ ಕಲೆ!

ಅಂದರೆ ಬೆವರಿನಲ್ಲೂ ಅಮೈನೋ ಆಮ್ಲವಿದೆ. ಎಷ್ಟು ತೊಳೆದರೂ ಅದು ಮತ್ತೆ ಜಿನುಗುತ್ತದೆ.

ಹಿಂದಿನ ವಾರ ಕೆಟ್ಟ ಕಾಗದವನ್ನು ಹುಡುಕಿ ತೆಗೆದಳು. ಅಲ್ಲೂ ಅದೇ ಸೀಳು ಇತ್ತು. ಅವಳ ಕಣ್ಣು ತುಂಬಿ ಬಂತು.

ಮುರುಗೇಶ ಬಂದ ಕೂಡಲೇ ಕೇಳಿದಳು. "ಸುಳ್ಳು ಯಾಕೆ ಹೇಳಿದ್ರಿ?"

"ಹೊಸಬನಿಗಾದ್ರೆ ಬೈದು ಬಿಟ್ಬಿಡ್ತಾರೆ. ನಿಮ್ಮ ಮುಖ ಬಿಳಿಚ್ಕೊಂಡಿತ್ತು..."

"ನೀವು ಮುಟ್ಟಿಲ್ಲ ಅಂತ ನನಗಾದ್ರೂ ಹೇಳ್ಬೋದಿತ್ತಲ್ಲ?"

"ಮೇಜಿನ ಹತ್ರ ಬರ್ಬೇಡಿ ಅಂದ್ರಲ್ಲ. ದೂರದಿಂದ ನೋಡ್ತಾನೇ ಇದ್ದೆ, ಅಷ್ಟೆ."

ಅವಳು ನೇರ ವೀರಭದ್ರಯ್ಯನವರ ಕೋಣೆಗೆ ಹೋಗಿ ಕಾಗದಗಳನ್ನು ಮುಂದಿಟ್ಟಳು. "ಎರಡೂ ನನ್ನ ತಪ್ಪು ಸರ್. ಅವರದ್ದಲ್ಲ."

ಅವರು ಆ ಹೆಬ್ಬೆರಳಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದರು. "ತಪ್ಪು ಒಪ್ಕೊಳ್ಳೋಕೂ ಪ್ರಯೋಗ ಮಾಡ್ಕೊಂಡು ಬಂದಿದೀಯಲ್ಲಮ್ಮ. ಹೋಗು, ಚಿಮಟದಲ್ಲಿ ಹಿಡಿದು ಮತ್ತೆ ಮಾಡು."

ಹೊರಗೆ ಮುರುಗೇಶ ಕಾಯುತ್ತಿದ್ದ. ಅವಳು ಅವನನ್ನು ತನ್ನ ಮೇಜಿನ ಹತ್ತಿರ ಕರೆದು, ಒಂದು ಹೊಸ ಕಾಗದಕ್ಕೆ ತನ್ನ ಹೆಬ್ಬೆರಳು ಒತ್ತಿ ಅವನ ಮುಂದೆ ಸರಿಸಿದಳು.

"ನನ್ನದರ ಪಕ್ಕ ನೀವೂ ಒತ್ತಿ."

ಅವನು ಒತ್ತಿದ. ಔಷಧ ಸಿಂಪಡಿಸಿ ಬಿಸಿ ಮಾಡುತ್ತಿದ್ದಂತೆ ಎರಡೂ ಹೆಬ್ಬೆರಳು ಅಕ್ಕಪಕ್ಕ ಮೂಡಿದವು.

"ಈ ಬಣ್ಣ ಬೇಗ ಮಾಸುತ್ತೆ, ಗೊತ್ತಲ್ಲ?" ಎಂದ ಮೆಲ್ಲಗೆ.

"ಮಾಸಿದಾಗ ಮತ್ತೆ ಒತ್ತೋಣ," ಎಂದಳು ಶಿವಕುಮಾರಿ. "ಅಲ್ಲೀವರೆಗೂ ಈ ಮೇಜಿನ ಹತ್ರಾನೇ ಇರಿ."