ಅತ್ತಿಮರದ ಸ್ಟಾಪ್

“ಅಜ್ಜಿ, ಇಲ್ಲೇ ಇಳಿದ್ಬುಡೋಣ. ನಡ್ಕೊಂಡು ಹೋಗೋಣ,” ವರ್ಷಿಣಿ ಅಜ್ಜಿಯ ಸೆರಗು ಎಳೆದಳು.

“ಯಾಕವ್ವ? ಮನೆ ಇನ್ನೂ ದೂರ ಅದೆ. ನಿನ್ನ ದನಿ ಕೇಳಕ್ಕೇ ಅಲ್ವಾ ಈ ಬಸ್ಸು ಹತ್ತಿದ್ದು?” ಪುಟ್ಟಲಿಂಗಮ್ಮಜ್ಜಿ ಕೂತಲ್ಲಿಂದ ಅಲುಗಲಿಲ್ಲ.

ಅಷ್ಟರಲ್ಲಿ ಮೇಲಿನ ಸ್ಪೀಕರ್ ಮಾತಾಡಿತು. “ಮುಂದಿನ ನಿಲ್ದಾಣ, ನೀರಿನ ಟ್ಯಾಂಕ್.”

ಅದು ವರ್ಷಿಣಿಯದೇ ದನಿ!

ದಟ್ಟಗಳ್ಳಿ ಕಡೆ ಹೋಗುವ ಈ ಹೊಸ ಬಸ್ಸಿಗೆ ತಾನು ಎಲ್ಲಿದ್ದೇನೆ ಅಂತ ತಾನೇ ಗೊತ್ತಾಗುತ್ತದೆ. ಸ್ಟಾಪ್ ಹತ್ತಿರ ಬಂದ ಕೂಡಲೇ ಹೆಸರು ಹೇಳುತ್ತದೆ. ಅದಕ್ಕೆ ಮಕ್ಕಳ ದನಿ ಬೇಕು ಅಂತ ಬಸ್ಸಿನವರು ಶಾಲೆಗೆ ಬಂದು, ಐದನೇ ಕ್ಲಾಸಿನ ವರ್ಷಿಣಿಯನ್ನು ಆರಿಸಿ, ಹೆಸರುಗಳ ಹಾಳೆ ಕೊಟ್ಟು ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅವತ್ತು ಅವಳು ಮನೆಗೆ ನಡೆದು ಬರಲಿಲ್ಲ, ಕುಣಿದು ಬಂದಳು.

ಊಟಕ್ಕೆ ಕೂತಾಗ ಮಾತ್ರ ಥಟ್ಟನೆ ನೆನಪಾಯಿತು. ಅವರ ಮನೆಯ ಸ್ಟಾಪಿನ ಹೆಸರು! ಕೊಟ್ಟ ಹಾಳೆಯಲ್ಲಿ ‘ಮೂರನೇ ಹಂತ, ಎರಡನೇ ಅಡ್ಡರಸ್ತೆ’ ಅಂತಿತ್ತು. ಅವಳು ಹೇಳಿದ್ದು ‘ಅತ್ತಿಮರದ ಸ್ಟಾಪ್’ ಅಂತ. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದು ಅದೇ ಹೆಸರು, ಬಾಯಿಗೆ ಅದೇ ಬಂದುಬಿಟ್ಟಿತ್ತು.

ತಮಾಷೆ ಏನೆಂದರೆ, ಆ ಅತ್ತಿಮರವನ್ನು ವರ್ಷಿಣಿ ನೋಡಿಯೇ ಇಲ್ಲ. ಅವಳು ಹುಟ್ಟುವ ಮುಂಚೆಯೇ, ರಸ್ತೆ ಅಗಲ ಮಾಡುವಾಗ ಅದನ್ನು ಕಡಿದಿದ್ದರು.

ಕ್ಲಾಸಿನ ಪುನೀತ್‌ಗೆ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಮುಗೀತು ಕಣೇ! ನಿನ್ನ ವಾಯ್ಸ್ ಡಿಲೀಟ್ ಮಾಡಿ ಬೇರೆಯವರದ್ದು ಹಾಕ್ತಾರೆ.”

ಈಗ ಮುಂದಿನ ಸೀಟಿನಲ್ಲಿ ಬಸ್ಸಿನವರ ಕಡೆಯ ಶಿಲ್ಪಶ್ರೀ ಮೇಡಂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಹೆಸರುಗಳು ಸರಿಯಾಗಿ ಬರುತ್ತಿವೆಯೇ ಅಂತ ನೋಡುವುದು ಅವರ ಕೆಲಸ. ಅದಕ್ಕೇ ವರ್ಷಿಣಿ ಮೊದಲೇ ಇಳಿದುಬಿಡಲು ನೋಡಿದ್ದು.

ಅಜ್ಜಿಗೆ ಇದೊಂದೂ ಗೊತ್ತಿಲ್ಲ. ಪಾಪ, ಅವಳಿಗೆ ಕಣ್ಣು ಮಂಜು. ಬಸ್ಸು ಹತ್ತಿದರೆ ಪಕ್ಕದವರನ್ನೆಲ್ಲ “ಅತ್ತಿಮರ ಬಂತಾ?” ಅಂತ ಕೇಳುತ್ತಿದ್ದಳು. ಹೊಸದಾಗಿ ಬಂದು ಸೇರಿದ ಜನ “ಯಾವ ಮರ ಅಜ್ಜಿ?” ಅನ್ನುತ್ತಿದ್ದರು. ಹೋದ ತಿಂಗಳು ಸ್ಟಾಪ್ ತಪ್ಪಿಹೋಗಿ, ಬಿಸಿಲಲ್ಲಿ ಅಲೆದು, ಅಳುತ್ತಾ ಮನೆಗೆ ಬಂದಿದ್ದಳು. ಆಮೇಲೆ ಒಬ್ಬಳೇ ಬಸ್ಸು ಹತ್ತಿಯೇ ಇಲ್ಲ.

“ಮುಂದಿನ ನಿಲ್ದಾಣ, ಅತ್ತಿಮರದ ಸ್ಟಾಪ್.”

ವರ್ಷಿಣಿ ಕಣ್ಣು ಮುಚ್ಚಿಕೊಂಡಳು.

“ಇದ್ಯಾವ ಹೆಸರು? ನಾವು ಕೊಟ್ಟಿದ್ದು ಇದಲ್ಲವಲ್ಲ!” ಮೇಡಂ ತಲೆ ಎತ್ತಿದರು.

ವರ್ಷಿಣಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅಜ್ಜಿ ಇರಲಿಲ್ಲ. ಯಾರನ್ನೂ ಕೇಳದೆ ಎದ್ದು, ಕಂಬಿ ಹಿಡಿದುಕೊಂಡು ಬಾಗಿಲ ಕಡೆ ಹೊರಟಿದ್ದಳು. ಹಿಂದಿನಿಂದ ಹೂವಿನ ಸಾಕಮ್ಮನೂ ಬುಟ್ಟಿ ಎತ್ತಿಕೊಂಡು ಎದ್ದರು.

“ನೋಡ್ರವ್ವ, ಬಸ್ಸಿಗೂ ಗೊತ್ತು ನಮ್ಮ ಅತ್ತಿಮರ!” ಅಂತ ಸಾಕಮ್ಮ ನಕ್ಕರು.

“ಓ, ಅತ್ತಿಮರ ಅಂದ್ರೆ ಇದೇನಾ?” ಅಂತ ಕಾಲೇಜು ಹುಡುಗನೊಬ್ಬ ಕಿಟಕಿಯಲ್ಲಿ ಇಣುಕಿದ.

ವರ್ಷಿಣಿ ಧೈರ್ಯ ಮಾಡಿ ಮೇಡಂ ಹತ್ತಿರ ಹೋದಳು. “ಮೇಡಂ, ಅದು ನಾನೇ ಹೇಳಿದ್ದು. ಹಾಳೇಲಿ ಬೇರೆ ಇತ್ತು. ನಾವೆಲ್ಲ ಹಿಂಗೇ ಅನ್ನೋದು.”

ಮೇಡಂ ಬಾಗಿಲಲ್ಲಿದ್ದ ಅಜ್ಜಿಯನ್ನು ನೋಡಿದರು. ವರ್ಷಿಣಿಯನ್ನೂ ನೋಡಿದರು.

“ನಾಳೆ ನಿಮ್ಮ ಸ್ಕೂಲಿಗೆ ಬರ್ತೀನಿ. ಇನ್ನೊಂದು ಸಲ ರೆಕಾರ್ಡ್ ಮಾಡೋಣ.”

ವರ್ಷಿಣಿಯ ಮುಖ ಸಪ್ಪಗಾಯಿತು. “ಅತ್ತಿಮರ ತೆಗೆದ್ಬುಡ್ತೀರಾ?”

“ಯಾರು ತೆಗೀತಾರೆ? ಎರಡೂ ಹೇಳು ಪುಟ್ಟಿ. ಮೊದಲು ಅತ್ತಿಮರ, ಆಮೇಲೆ ಅಡ್ಡರಸ್ತೆ.”

ವರ್ಷಿಣಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಥ್ಯಾಂಕ್ಸ್ ಹೇಳುವುದೂ ಮರೆತುಹೋಯಿತು. ಬಸ್ಸು ನಿಂತ ತಕ್ಷಣ ಅಜ್ಜಿಯ ಹಿಂದೆ ಓಡಿದಳು.

ಅಜ್ಜಿ ಆಗಲೇ ಇಳಿದು ಫುಟ್‌ಪಾತ್ ಮೇಲೆ ನಿಂತಿದ್ದಳು. ಸ್ಟಾಪಿನ ಕಂಬವನ್ನು ಕೈಯಿಂದ ಮುಟ್ಟಿ ನೋಡಿದಳು.

“ಇಲ್ಲೇ ಕಣವ್ವ ಮರ ಇದ್ದುದ್ದು. ಕೆಳಗೆ ಮಾರಕ್ಕೆ ಸೊಪ್ಪು ಹರಡ್ಕೊಂಡು ಕೂತ್ಕೋತಿದ್ದೆ. ಎಷ್ಟು ತಂಪು ಅಂತೀಯ!”

ಬಸ್ಸು ಹೊರಟಿತು. ಅದು ತಿರುವು ದಾಟುವವರೆಗೂ ಅಜ್ಜಿ ಅತ್ತಲೇ ಕಿವಿಗೊಟ್ಟು ನಿಂತಳು.

“ನಾಳೆ ಮಾರ್ಕೆಟ್ಟಿಗೆ ನಾನೊಬ್ಳೇ ಹೋಗಿ ಬತ್ತೀನಿ,” ಅಂದಳು. “ವಾಪಸ್ ಬರೋವಾಗ ಬಸ್ಸಲ್ಲಿ ನೀನಿರ್ತೀಯಲ್ಲ.”

ಅಜ್ಜಿಯ ಕೈ ಹಿಡಿದುಕೊಳ್ಳಲು ವರ್ಷಿಣಿ ಕೈ ಚಾಚಿದ್ದಳು. ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅಜ್ಜಿ ಮುಂದೆ ಮುಂದೆ ನಡೆದಳು, ವರ್ಷಿಣಿ ಹಿಂದೆ ಹಿಂದೆ ನಡೆದಳು.