ಅಂಚಿನ ಸಾಲುಗಳು

"ಇದನ್ನ ಕತ್ತರಿಸಿದ್ದು ಯಾರು?"

ಮೇಷ್ಟ್ರ ದನಿ ನಡುಗುತ್ತಿತ್ತು. ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ ತೀರಿಹೋದ ಅವನ ತಾಯಿಯ ಪುಸ್ತಕ... ಹೊಸ ರಟ್ಟು, ನೀಟಾದ ಅಂಚು. ಆ ನೀಟೇ ಮುಳುವಾಗಿತ್ತು! ತಾಯಿ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಸಾಲುಗಳೆಲ್ಲ ಅರ್ಧಕ್ಕೆ ತುಂಡಾಗಿದ್ದವು.

"ನಾನೇ... ಅಂಚು ನೋಡದೆ ಮೆಷಿನ್‌ಗೆ ಕೊಟ್ಬಿಟ್ಟೆ," ಎಂದಳು ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ.

ಅವನು ಪುಸ್ತಕ ಎತ್ತಿಕೊಂಡು ಹೊರಟುಹೋದ. ಮೂರು ತಿಂಗಳಿಂದ ಏನಾದರೊಂದು ನೆಪ ಹಿಡಿದು ಬರುತ್ತಿದ್ದವನು, ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಅವಳು ಕತ್ತರಿಸುವ ಯಂತ್ರ ಮುಟ್ಟುವುದನ್ನೇ ಬಿಟ್ಟಳು. ಛೇ, ಇದೊಂದು ಕೈಯಾ! ಎಂದು ತನ್ನನ್ನೇ ಹಳಿದುಕೊಂಡಳು.

"ನನಗೆ ಈ ಕೆಲಸ ಬೇಡ ಚಿಕ್ಕಪ್ಪಾ..."

ಅಂಗಡಿ ಚಿಕ್ಕಪ್ಪನದೇ. ಅವನು ಸೂಜಿಗೆ ದಾರ ಪೋಣಿಸುತ್ತಲೇ ಗದರಿದ.

"ನಡೆಯೋರು ಎಡವದೆ ಕೂತೋರು ಎಡವ್ತಾರಾ? ಇನ್ನೊಂದ್ಸಲ ಏನ್ ಮಾಡ್ತೀಯ, ಅದನ್ನ ಹೇಳು."

"ಮೊದಲು ಒಂದೊಂದು ಪುಟದ ಅಂಚೂ ನೋಡ್ತೀನಿ."

"ಪಾಠ ಅಷ್ಟೇ ಕಣೇ. ಒಂದೇ ತಪ್ಪಿಗೆ ದಿನಾ ಶಿಕ್ಷೆ ಕೊಟ್ಕೋಬೇಡ."

ಅವಳು ಕತ್ತರಿಸಿದ ಚೂರುಗಳ ರದ್ದಿ ಚೀಲ ಸುರಿದುಕೊಂಡು ಕೂತಳು. ಎರಡು ದಿನ ಹುಡುಕಿದ ಮೇಲೆ ಪೆನ್ಸಿಲಿನ ಗುರುತಿದ್ದ ಕಾಗದದ ಪಟ್ಟಿಗಳು ಒಂದು ಲಕೋಟೆಯಷ್ಟಾದವು. ಅಂಟಿನ ಡಬ್ಬಿಯನ್ನೂ ಹಿಡಿದುಕೊಂಡು ಮೇಷ್ಟ್ರ ಶಾಲೆಗೆ ಹೋದಳು. ಬಾಗಿಲಿನಿಂದಲೇ ಅಟ್ಟಿಬಿಟ್ಟರೆ?

ಶಿಕ್ಷಕರ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಲಕೋಟೆ ಬಿಚ್ಚಿದವನ ಕಣ್ಣು ತುಂಬಿ ಬಂತು.

"ಕೆಲವು ಸಿಗಲೇ ಇಲ್ಲ... ನಿಮ್ಮ ಕೋಪ ನ್ಯಾಯವೇ," ಎಂದಳು.

"ಕೋಪಾನಾ? ಬೇಗ ಕೊಡಿ ಅಂತ ಅವಸರ ಮಾಡಿದ್ದು ನಾನು. ಅಂಚಲ್ಲಿ ಅಮ್ಮನ ಬರಹ ಇದೆ ಅಂತ ಒಂದು ಮಾತೂ ಹೇಳಲಿಲ್ಲ. ಯಾವ ಮುಖ ಇಟ್ಕೊಂಡು ಅಂಗಡಿಗೆ ಬರ್ಲಿ ಹೇಳಿ!"

ಅಯ್ಯೋ... ಇವರೂ ನನ್ನ ಹಾಗೇ ಬೇಯುತ್ತಿದ್ದರಾ!

"ನನ್ನ ಕ್ಷಮಿಸ್ತೀರಾ?" ಎಂದು ಕೇಳಿದಳು.

"ಯಾವತ್ತೋ ಕ್ಷಮಿಸಿ ಆಯ್ತು. ನಿಮ್ಮನ್ನ ನೀವು ಕ್ಷಮಿಸ್ಕೊಂಡ್ರಾ?"

ಅವಳು ಮಡಚಿದ್ದ ಒಂದು ಪಟ್ಟಿಯನ್ನು ಬೆರಳಿನಿಂದ ನೇರ ಮಾಡಿದಳು.

"ಕಲೀತಾ ಇದ್ದೀನಿ..."

"ನಿಧಾನವಾಗಿ ಕಲೀರಿ. ಆದ್ರೆ ನನ್ನ ಜೊತೇಲಿ ಇದ್ಕೊಂಡು ಕಲೀರಿ. ನೀವಂದ್ರೆ ನಂಗೆ ಪ್ರಾಣ."

"ನಾನು ಮತ್ತೆ ತಪ್ಪು ಮಾಡ್ತೀನಿ ಮೇಷ್ಟ್ರೇ..."

"ನಾನೂ ಮಾಡ್ತೀನಿ."

ಅವನು ಚೀಲದಿಂದ ತಾಯಿಯ ಪುಸ್ತಕ ತೆಗೆದು ತೆರೆದಿಟ್ಟು, ಅಂಟಿನ ಡಬ್ಬಿಗೆ ಕೈಚಾಚಿದ. ಅವಳು ಕಣ್ಣೊರೆಸಿಕೊಂಡು ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

"ನೀವು ಪುಟ ಹಿಡ್ಕೊಳ್ಳಿ. ಅಂಟು ನಾನೇ ಹಚ್ತೀನಿ."