ಗಂಟಲಲ್ಲೇ ಉಳಿದ ‘ಬನ್ನಿ’

"ತಳ್ರಿ."

ಶಾಂತಕುಮಾರಿಯ ಬೆರಳು ಅಲುಗಲಿಲ್ಲ.

"ಯಾಕ್ರೀ? ಕೀಬೋರ್ಡ್ ಕೆಟ್ಟೈತಾ?" ಬೆನ್ನ ಹಿಂದಿನಿಂದ ಮತ್ತೆ ಅದೇ ಗಂಡು ದನಿ.

ಕೆಟ್ಟಿರಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಕೆಂಪು ಲಂಗದ ಹುಡುಗಿಯೊಬ್ಬಳು ಬಂಡೆಯ ತುದಿಯಲ್ಲಿ ನಿಂತಿದ್ದಳು. ಅವಳನ್ನು ಕೆಳಗೆ ಬೀಳಿಸುವುದೇ ಶಾಂತಳ ಮೊದಲ ದಿನದ ಕೆಲಸ. ಬಿದ್ದಾಗ ಆಟ ಅರ್ಧಕ್ಕೆ ನಿಂತುಬಿಡುತ್ತದೆಯೋ, ಸರಿಯಾಗಿ ಮುಂದುವರಿಯುತ್ತದೆಯೋ ನೋಡಿ ಹೇಳಬೇಕು. ಅಷ್ಟೇ.

"ತಳ್ಳಿದ್ರೆ... ಸಾಯ್ತಾಳಲ್ಲ ಸಾರ್?"

ಪಕ್ಕದ ಕುರ್ಚಿಯ ಸೌಂದರ್ಯ ಕಿಸಕ್ಕನೆ ನಕ್ಕಳು. "ಅಯ್ಯೋ ದೇವ್ರೇ! ಸಾಯಿಸೋಕೇ ಕಣೆ ನಮಗೆ ಸಂಬಳ!"

ಶಾಂತಳ ಕಿವಿ ಬಿಸಿಯಾಯಿತು. ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು. ಆದರೆ ಹಿಂದೆ ನಿಂತವನು ನಗಲಿಲ್ಲ. ಬಗ್ಗಿ, ಅವಳ ಬೆರಳಿನ ಪಕ್ಕದಲ್ಲೇ ತನ್ನ ಬೆರಳಿಟ್ಟು ಒತ್ತಿದ.

ಹುಡುಗಿ ಬಿದ್ದಳು. ಶಾಂತ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು!

"ಈಗ ಬಿಡ್ರಿ ಕಣ್ಣು."

ನಿಧಾನಕ್ಕೆ ಕಣ್ಣು ತೆರೆದಳು. ಕೆಂಪು ಲಂಗದವಳು ಮತ್ತೆ ಬಂಡೆಯ ಮೇಲೆ ನಿಂತು, ಏನೂ ಆಗಿಲ್ಲವೆಂಬಂತೆ ಜಡೆ ಸರಿಮಾಡಿಕೊಳ್ಳುತ್ತಿದ್ದಳು.

"ನಾನೇ ಬರೆದ ಹುಡುಗಿ ಇವ್ಳು. ಎಷ್ಟ್ ಸಲ ಹೋದ್ರೂ ವಾಪಸ್ ಬರ್ತಾಳೆ. ಹೆದರ್ಬ್ಯಾಡ್ರಿ."

ಶಾಂತ ತಿರುಗಿ ನೋಡಿದಳು. ತೆಳ್ಳಗಿನ ಮೈ, ಮಾಸಿದ ನೀಲಿ ಅಂಗಿ, ಅವಸರವೇ ಇಲ್ಲದ ಎರಡು ಕಣ್ಣು.

'ಇವರು ಯಾಕೆ ನಗಲಿಲ್ಲ?'

ಆ ದಿನವಿಡೀ ಅವಳ ಮನಸ್ಸು ಅದನ್ನೇ ಕೇಳುತ್ತಿತ್ತು.

*

ಅವನ ಹೆಸರು ಹೊನ್ನೂರಸ್ವಾಮಿ. ನನ್ನಿವಾಳದವನು. ಆಟದೊಳಗಿನ ಮನುಷ್ಯರನ್ನು ಬರೆದು ನಡೆಸುವುದು ಅವನ ಕೆಲಸ. ಶಾಂತ ದೇವಸಮುದ್ರದವಳು. ಏಳನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಕುರಿ ಹಿಂದೆ ಹೋದವಳು. ಈಗ ಈ ಕೆಲಸಕ್ಕೆ ಸೇರಿಸಿದ ಸೌಂದರ್ಯಳ ಜೊತೆ ಚಳ್ಳಕೆರೆಯಲ್ಲಿ ಬಾಡಿಗೆ ರೂಮಿನಲ್ಲಿದ್ದಳು.

ಎಣ್ಣೆ ಮಿಲ್ಲಿನ ಪಕ್ಕದ ಕಟ್ಟಡದ ಮಹಡಿಯಲ್ಲಿತ್ತು ಆ ಆಫೀಸು. ಕಿಟಕಿ ತೆಗೆದರೆ ಶೇಂಗಾ ಎಣ್ಣೆಯ ವಾಸನೆ. ನಡೆಸುತ್ತಿದ್ದವರು ಊರಿನವರೇ ಆದ ರವಿಕಿರಣ್ ಸರ್. ಕೆಲಸ ಕೊಡುತ್ತಿದ್ದದ್ದು ಮಾತ್ರ ದೂರದ ಕೆನಡಾದ ಮಾಂಟ್ರಿಯಲ್‌ನ ಕಂಪನಿ.

ಶಾಂತ ಹೆಚ್ಚು ಮಾತಾಡುತ್ತಿರಲಿಲ್ಲ. ನೋಡುತ್ತಿದ್ದಳು. ಹೊನ್ನೂರಸ್ವಾಮಿ ಬುತ್ತಿಯಲ್ಲಿ ಹುರುಳಿ ಚಟ್ನಿ ಇದ್ದ ದಿನ ಬೇಗ ಊಟಕ್ಕೆ ಏಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬೇಸರವಾದಾಗ ಎಡಗೈಯಿಂದ ಕತ್ತು ಉಜ್ಜಿಕೊಳ್ಳುತ್ತಾನೆ ಎಂದೂ ಗೊತ್ತಿತ್ತು.

ತನ್ನನ್ನೂ ಯಾರೋ ಹಾಗೇ ನೋಡುತ್ತಿದ್ದಾರೆಂದು ಮಾತ್ರ ಗೊತ್ತಿರಲಿಲ್ಲ... ಪರದೆಯ ಮೇಲಿನ ಹುಡುಗಿ ಈಚೆಗೆ ನಗುವ ಮುಂಚೆ ಒಂದು ಗಳಿಗೆ ತಲೆ ತಗ್ಗಿಸುವುದನ್ನು ಎಲ್ಲಿಂದ ಕಲಿತಳು ಎಂದು ಅವಳು ಯೋಚಿಸಲೇ ಇಲ್ಲ.

ಒಂದು ದಿನ ಊಟದ ಹೊತ್ತಿಗೆ ಅವನು ಮೊಬೈಲ್ ಹಿಡಿದು ಏನೋ ವಟಗುಟ್ಟುತ್ತಿದ್ದ.

"ಒ ರೆವ್ವಾರ್... ಒ ರೆವ್ವಾರ್..."

"ಏನ್ ಸಾರ್, ಉಪ್ಪಿಟ್ಟಿನ ರವೆನಾ?" ಎಂದಳು ಸೌಂದರ್ಯ.

"ಅಲ್ಲಮ್ಮ, ಫ್ರೆಂಚು. ಹೊರಡೋವಾಗ ಹೇಳೋ ಮಾತು. ಮತ್ತೆ ನೋಡೋಣ ಅಂತ ಅರ್ಥ."

ಶಾಂತ ಮೆಲ್ಲಗೆ ಬಾಯಿಬಿಟ್ಟಳು. "ನಾವು ‘ಬರ್ತೀನಿ’ ಅಂತೀವಲ್ಲ... ಹಂಗೆ."

ಅವನು ಬೆರಗಿನಿಂದ ಅವಳನ್ನೇ ನೋಡಿದ. "ಹೌದಲ್ವೇನ್ರೀ! ಹೋಗೋರು ಹೋಗ್ತೀನಿ ಅನ್ನೋದೇ ಇಲ್ಲ. ಬರ್ತೀನಿ ಅಂತಾರೆ."

ಅವಳು ತುತ್ತಿನ ಕಡೆ ತಲೆ ತಗ್ಗಿಸಿ ನಕ್ಕಳು. ಆಮೇಲಷ್ಟೇ ಎದೆಯಲ್ಲಿ ಏನೋ ಚುಚ್ಚಿತು.

'ಇವರಿಗೆ ಫ್ರೆಂಚ್ ಯಾಕೆ?'

*

ಉತ್ತರ ರವಿಕಿರಣ್ ಸರ್ ಬಾಯಿಂದ ಬಂತು. ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

"ಮಾಂಟ್ರಿಯಲ್ ಇರೋದು ಫ್ರೆಂಚ್ ಮಾತಾಡೋ ಸೀಮೆ. ಗೇಮ್ ಮಾಡೋ ಕಂಪನಿಗಳು ಬಂದು ಅಲ್ಲೇ ನೆಲೆ ಊರ್ಲಿ ಅಂತ ಅಲ್ಲಿನ ಸರ್ಕಾರ ಸಬ್ಸಿಡಿ ಕೊಡುತ್ತೆ. ಕೆಲಸದವ್ರ ಸಂಬಳದಾಗೆ ಒಂದ್ ಪಾಲು ಸರ್ಕಾರವೇ ತುಂಬಿಕೊಡುತ್ತೆ. ಆದ್ರೆ ಕೆಲಸ ಅಲ್ಲೇ ಕೂತು ಮಾಡ್ಬೇಕು. ಚಳ್ಳಕೆರೆಲಿ ಕೂತೋರಿಗೆ ಇಲ್ಲ."

"ಹಂಗಾರೆ... ನಾವು ಸಾರ್?" ಸೌಂದರ್ಯ ಕೇಳಿದಳು.

"ಈ ತಿಂಗಳಿಗೆ ಆಫೀಸು ಮುಚ್ತೀವಮ್ಮ. ನನ್ ಕೈಲಿ ಏನೂ ಇಲ್ಲ. ಸ್ವಾಮಿ ಒಬ್ಬನ್ನ ಅಲ್ಲಿಗೆ ಕರ್ಸ್ಕೊಳ್ತಾರೆ. ನಿಮ್ಮಂಥ ಟೆಸ್ಟಿಂಗ್‌ನವ್ರನ್ನ... ಕೇಳಿದೆ. ಆಗಲ್ಲ ಅಂದ್ರು."

ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಹೆಸರು ಗೊತ್ತಿಲ್ಲದ ಯಾರೋ, ಗೊತ್ತಿಲ್ಲದ ಭಾಷೆಯಲ್ಲಿ, ತಮ್ಮ ಊರಿನ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಮಾಡಿದ ಕಾನೂನು. ಅದರಲ್ಲಿ ತಪ್ಪೇನಿದೆ? ಶಾಂತಳಿಗೆ ಅಳುವುದಕ್ಕೂ ನೆಪ ಸಿಗಲಿಲ್ಲ.

ಕೊನೆಯ ದಿನ ಮೆಟ್ಟಿಲ ಬಳಿ ಹೊನ್ನೂರಸ್ವಾಮಿ ಅವಳಿಗಾಗಿ ನಿಂತಿದ್ದ. ಎಡಗೈ ಕತ್ತಿನ ಮೇಲಿತ್ತು.

"ನೀವ್ ಏನೂ ಹೇಳಲ್ವಾ ಶಾಂತ ಅವ್ರೇ?"

'ಹೋಗಬೇಡಿ... ಹೋಗಬೇಡಿ... ಹೋಗಬೇಡಿ...'

ಆದರೆ ಹಾಗನ್ನಲು ತಾನು ಯಾರು? ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅವನ ದಾರಿಗೆ ಅಡ್ಡ ನಿಲ್ಲುವುದೇ? ‘ಹೋಗಿ ಬನ್ನಿ’ ಎಂದು ನಗುತ್ತಾ ಕಳಿಸಿಬಿಡೋಣ ಎಂದುಕೊಂಡಳು.

"ಹೋಗಿ..." ಎಂದಳು.

ಅಷ್ಟರಲ್ಲಿ ಗಂಟಲು ಕಟ್ಟಿತು. ಮುಂದಿನ ಮಾತು ಬರಲೇ ಇಲ್ಲ. ದುಪಟ್ಟಾ ಬಾಯಿಗೊತ್ತಿಕೊಂಡು ಮೆಟ್ಟಿಲಿಳಿದು ಓಡಿಬಿಟ್ಟಳು!

ಅವನು ಅಲ್ಲೇ ನಿಂತಿದ್ದ. ಈ ಸೀಮೆಯಲ್ಲಿ ಜಗಳವಾಡಿದವರು ಕೂಡ ಹೊರಡುವವರಿಗೆ ಬರಿ ‘ಹೋಗು’ ಅನ್ನುವುದಿಲ್ಲ. ಮನೆಗೆ ಬಂದ ಬಳೆಗಾರನಿಗೂ ‘ಹೋಗಿ ಬಾಪ್ಪ’ ಅನ್ನುತ್ತಾರೆ.

'ಬನ್ನಿ ಅನ್ನಲಿಲ್ಲ... ಅಷ್ಟೂ ಬೇಡವಾದೆನಾ?'

*

ದೇವಸಮುದ್ರದ ಮನೆಯಲ್ಲಿ ಅಪ್ಪ ಮಾರಯ್ಯನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು.

"ಆಟಕ್ಕೂ ಸಬ್ಸಿಡಿನಾ?" ಮಾರಯ್ಯ ಬೀಡಿ ಆರಿಸಿದ. "ಅಲ್ಲ ಕಣಮ್ಮ, ನಮ್ ಕುರಿದೂ ಅಂಗೇ ಅಲ್ವಾ? ಸಬ್ಸಿಡಿ ಕುರಿ ಅಂದ್ರೆ ಕಿವಿಗೆ ಬಿಲ್ಲೆ ಹೊಡೀತಾರೆ. ಆಫೀಸರ್ ಬಂದಾಗ ಕುರಿ ಇಲ್ಲೇ ಕಾಣ್ಬೇಕು. ಆ ಸ್ವಾಮಿಗೂ ಅಲ್ಲಿ ಬಿಲ್ಲೆ ಹೊಡೀತಾರೆ ಬಿಡು."

"ಥೂ, ಮನುಷ್ಯರ್ನ ಕುರಿ ಅಂತಾರಾ?" ಅವ್ವ ಕೆಂಚಕ್ಕ ಬೈದಳು.

ಶಾಂತ ನಗಲು ಹೋಗಿ ಅತ್ತುಬಿಟ್ಟಳು. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮಗಳನ್ನು ದಿಟ್ಟಿಸಿದಳು.

ದಿನಗಳು ಹಾಗೇ ಸರಿದವು. ಒಂದು ಬೆಳಿಗ್ಗೆ ಮೊಬೈಲು ಕುಂಯ್‌ಗುಟ್ಟಿತು.

ಹೊನ್ನೂರಸ್ವಾಮಿ. ಒಂದೇ ಪದ.

‘ಬರ್ತೀನಿ.’

ಶಾಂತಳ ಕೈಯಿಂದ ಬಿಂದಿಗೆ ಜಾರಿತು.

ಹೊರಟುಬಿಟ್ಟರು! ಇವತ್ತೇ! ಹೋಗುವವರು ಹೋಗ್ತೀನಿ ಅನ್ನುವುದಿಲ್ಲವಲ್ಲ...

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್.

'ಒಂದು ಸಲ... ದೂರದಿಂದಲಾದರೂ ಒಂದು ಸಲ ನೋಡಬೇಕು. ಬಾಕಿ ಉಳಿದ ಆ ಒಂದು ಮಾತು ಹೇಳಬೇಕು.'

"ಅವ್ವಾ, ಚಳ್ಳಕೆರೆಗೆ ಹೋಗ್ಬರ್ತೀನಿ!"

"ಲೇ ಹುಡುಗಿ, ಉಂಡಾದ್ರೂ ಹೋಗೇ!"

ಅವಳಾಗಲೇ ಬಸ್ಸಿನ ಕಡೆ ಓಡುತ್ತಿದ್ದಳು. ಕಿಟಕಿ ಪಕ್ಕ ಕೂತಳು. ಜಟಿಂಗ ರಾಮೇಶ್ವರನ ಬೆಟ್ಟ ಹಿಂದೆ ಸರಿಯಿತು. ತಳಕಿನ ಹತ್ತಿರ ಎದುರಿನಿಂದ ಇನ್ನೊಂದು ಕೆಂಪು ಬಸ್ಸು ಬಂತು. ಎರಡೂ ಬಸ್ಸು ಒಂದು ಗಳಿಗೆ ಅಕ್ಕಪಕ್ಕ ನಿಂತವು. ಡ್ರೈವರುಗಳು ಏನೋ ಕೂಗಿ ಮಾತಾಡಿಕೊಂಡರು.

ಆ ಬಸ್ಸಿನ ಕಿಟಕಿಯಲ್ಲಿ ಮಾಸಿದ ನೀಲಿ ಅಂಗಿಯವನೊಬ್ಬ, ಸತ್ತ ಮೊಬೈಲನ್ನು ಅಂಗೈಗೆ ಕುಟ್ಟಿಕೊಳ್ಳುತ್ತಾ ಕೂತಿದ್ದ. ಎಲ್ಲವನ್ನೂ ನೋಡುವ ಶಾಂತ ಆ ಗಳಿಗೆಯಲ್ಲಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಬಸ್ಸುಗಳು ದಾಟಿಕೊಂಡು ಹೋದವು.

*

ಮಹಡಿಯ ಬಾಗಿಲಿಗೆ ಬೀಗ. ಬೋರ್ಡು ಇದ್ದ ಜಾಗದಲ್ಲಿ ನಾಲ್ಕು ಮೊಳೆ. ಸೌಂದರ್ಯಳಿಗೆ ಫೋನ್ ಮಾಡಿದರೆ, "ನಂಗೇನೂ ಗೊತ್ತಿಲ್ಲ ಕಣೆ" ಎಂದಳು.

ಶಾಂತ ಬಸ್‌ಸ್ಟ್ಯಾಂಡಿಗೆ ವಾಪಸ್ ಬಂದು ಕಲ್ಲಿನ ಬೆಂಚಿನ ಮೇಲೆ ಕುಸಿದಳು. ಇಷ್ಟೊತ್ತಿಗೆ ಎಲ್ಲಿರುತ್ತಾರೋ... ಎಷ್ಟು ದೂರವೋ... ಆ ಊರು ಯಾವ ದಿಕ್ಕಿಗಿದೆ ಎಂದು ಕೂಡ ತನಗೆ ಗೊತ್ತಿಲ್ಲವಲ್ಲ!

ಮೊಬೈಲು ಬಡಿದುಕೊಂಡಿತು. ಅವ್ವ.

"ಶಾಂತೂ, ಯಾರೋ ಹುಡುಗ ಬಂದವ್ನೆ ಕಣೆ. ಹೊನ್ನೂರಸ್ವಾಮಿ ಅಂತೆ. ಜಗಲಿ ಮ್ಯಾಲೆ ಕುಂತವ್ನೆ. ನಿನ್ ಕೇಳ್ತಾನೆ."

ಶಾಂತ ಬೆಂಚಿನಿಂದ ಎದ್ದೇ ನಿಂತಳು.

"ಎಲ್ಲಿ... ನಮ್ಮನೇಲಾ?"

"ಇನ್ನೆಲ್ಲಿ? ತಗಾ, ಮಾತಾಡು."

"ಹಲೋ..." ಅವನ ದನಿ. "ಮೆಸೇಜ್ ಹಾಕಿದ್ನಲ್ಲ, ಬರ್ತೀನಿ ಅಂತ. ನೀವೇ ಇಲ್ಲ!"

"ನೀವು... ಹೊರಟ್ರಿ ಅಂದ್ಕೊಂಡೆ! ಹೋಗೋರು ಹೋಗ್ತೀನಿ ಅನ್ನಲ್ವಲ್ಲ!"

ಅವನು ಮೆತ್ತಗೆ ಹೇಳಿದ, "ಚಾರ್ಜ್ ಮುಗೀತಾ ಇತ್ತು. ಅಷ್ಟೇ ಟೈಪ್ ಮಾಡೋಕಾಯ್ತು."

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಅವನು ಬಂದಿರುವುದು ಕೊನೆಯ ಸಲ ಹೇಳಿಹೋಗಲು ಇರಬೇಕು. ಅವಳು ಕಣ್ಣು ಮುಚ್ಚಿದಳು, ಬಂಡೆಯ ತುದಿಯಲ್ಲಿ ನಿಂತವಳಂತೆ.

"ಅವತ್ತು ಬರೀ ಹೋಗಿ ಅಂದೆ. ಹೋಗಿ ಬನ್ನಿ ಅನ್ನೋಣ ಅಂತಿದ್ದೆ... ಬನ್ನಿ ಅನ್ನೋದು ಗಂಟಲಲ್ಲೇ ಉಳ್ಕೊಂತು. ಅದೂ ನಿಜ ಅಲ್ಲ. ಹೋಗಬ್ಯಾಡಿ ಅನ್ನೋದಿತ್ತು! ನೀವಂದ್ರೆ ನಂಗೆ ಜೀವ. ಇಷ್ಟೇ. ಇನ್ನು ನಿಮ್ಮಿಷ್ಟ..."

ಬೆಂಚಿನ ಆ ತುದಿಯಲ್ಲಿದ್ದ ಅಜ್ಜಿ ಎಲೆಅಡಿಕೆ ಅಗಿಯುವುದನ್ನೇ ಮರೆತಳು.

ಫೋನಿನಲ್ಲಿ ಯಾರೋ ಕೆಮ್ಮಿದರು. ಅದು ಹೊನ್ನೂರಸ್ವಾಮಿಯ ಕೆಮ್ಮಲ್ಲ!

"ಶಾಂತ ಅವ್ರೇ," ಅವನ ದನಿ ತಡವರಿಸಿತು, "ನಿಮ್ಮವ್ವನ ಫೋನು ಸ್ಪೀಕರ್‌ನಾಗೆ ಮಾತ್ರ ಕೇಳುಸ್ತೈತಂತೆ..."

"ಅಯ್ಯೋ!!"

"ಈಗ ನಾಚ್ಕೊಂಡು ಏನ್ ಪ್ರಯೋಜ್ನ?" ಮಾರಯ್ಯನ ದನಿ ದೂರದಿಂದ ಬಂತು. "ಕಿವಿ ನೋಡ್ದೆ ಕಣಮ್ಮ, ಬಿಲ್ಲೆ ಇಲ್ಲ! ಬ್ಯಾಗ ಬಾ!"

"ನೀವಲ್ಲೇ ಇರ್ರಿ, ನಾನೇ ಬರ್ತೀನಿ," ಎಂದ ಅವನು.

"ಬ್ಯಾಡ ಬ್ಯಾಡ! ಮತ್ತೆ ದಾಟ್ಕೊಂಡು ಹೋಗ್ತೀವಿ! ನೀವು ಅಲ್ಲಾಡಬ್ಯಾಡಿ!"

*

ಸಂಜೆ ದೇವಸಮುದ್ರದಲ್ಲಿ ಬಸ್ಸಿಳಿದಾಗ ಅವನು ಜಗಲಿ ಬಿಟ್ಟು ಬಂದು ನಿಲ್ದಾಣದಲ್ಲೇ ನಿಂತಿದ್ದ.

"ಯಾವಾಗ ಹೊರಡೋದು?" ಅವಳೇ ಕೇಳಿದಳು, ನೆಲ ನೋಡುತ್ತಾ.

"ಹೋಗ್ತಿಲ್ಲ ಶಾಂತ. ಅಲ್ಲಿ ಸಬ್ಸಿಡಿ ಕಡಿಮೆ ಮಾಡಿದಾರಂತೆ. ಹೊಸಬ್ರನ್ನ ಕರ್ಸ್ಕೊಳ್ಳಲ್ಲ ಅಂತ ಬೆಳಿಗ್ಗೆ ರವಿಕಿರಣ್ ಸಾರ್ ಹೇಳಿದ್ರು."

ಅವಳ ಮನಸ್ಸು ಕುಣಿಯಿತು. ಮರುಕ್ಷಣವೇ ನಾಚಿಕೆಯಾಯಿತು. ಅವನ ಕನಸು ಮುರಿದದ್ದಕ್ಕೆ ತಾನು ಸಂತೋಷಪಡುವುದೇ?

"ಕೇಳಿದ ತಕ್ಷಣ ನಂಗೆ ಅಳು ಬಂತು. ಆಮೇಲೆ... ನೀನು ನೆನಪಾದೆ. ಬ್ಯಾಡ ಅಂದೋಳನ್ನ ಯಾವ ಮುಖ ಇಟ್ಕೊಂಡು ನೋಡ್ಲಿ ಅಂತ ಅನ್ಸ್ತು. ಕಾಲು ಕೇಳ್ಲಿಲ್ಲ. ಬಸ್ ಹತ್ತಿಬಿಟ್ಟೆ." ಎಡಗೈ ಕತ್ತಿಗೆ ಹೋಯಿತು. "ಈಗ ನಂಗೆ ಕೆಲಸನೂ ಇಲ್ಲ."

"ನಂಗೂ ಇಲ್ಲ," ಎಂದಳು ಅವಳು.

ಇಬ್ಬರೂ ನಕ್ಕರು. ನಗು ಬೇಗ ಆರಿತು.

"ಮುಂದೆ ಅವ್ರು ಮತ್ತೆ ಸಬ್ಸಿಡಿ ಜಾಸ್ತಿ ಮಾಡಿದ್ರೆ?"

"ಕರೀತಾರೆ. ಆವಾಗ ಬ್ಯಾಡ ಅನ್ನೋಕೆ ನನ್ ಕೈಲಾಗುತ್ತೋ ಇಲ್ವೋ... ಗೊತ್ತಿಲ್ಲ. ನಿಂಗೆ ಸುಳ್ಳು ಹೇಳಲ್ಲ."

ಅವಳು ತಲೆಯಾಡಿಸಿದಳು. ಎಲ್ಲೋ ಕೂತ ಯಾರೋ ಒಂದು ಅಂಕಿ ತಿದ್ದಿದರೆ ಇಲ್ಲಿ ಇವರಿಬ್ಬರ ಬದುಕು ಆ ಕಡೆ ಈ ಕಡೆ ಹೊರಳುತ್ತದೆ. ಅದಕ್ಕೆ ಏನು ಮಾಡಲು ಸಾಧ್ಯ? ಏನೂ ಇಲ್ಲ. ಆದರೂ ಮೆಲ್ಲಗೆ ಕೈ ಚಾಚಿ ಅವನ ಕತ್ತಿನ ಮೇಲಿದ್ದ ಕೈಯನ್ನು ಕೆಳಗಿಳಿಸಿ, ಬಿಡದೆ ಹಿಡಿದುಕೊಂಡಳು.

ಚಳ್ಳಕೆರೆಯ ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಬಳಿ ಕೂತ.

"ಬರ್ತೀನಿ."

ಅವಳು ಕಿಟಕಿಯ ಸರಳು ಹಿಡಿದಳು. "ಯಾವ ಬರ್ತೀನಿ? ಹೋಗೋ ಬರ್ತೀನೋ, ಬರೋ ಬರ್ತೀನೋ?"

"ಬರೋದೇ! ಭಾನುವಾರ. ನಮ್ಮವ್ವನ್ನ ಕರ್ಕೊಂಡು."

"ರೈಟ್!" ಕಂಡಕ್ಟರ್ ಕೂಗಿದ. ಬಸ್ಸು ಅಲುಗಿತು.

"ಹೋಗಿ..." ಎಂದಳು. ಮತ್ತೆ ಗಂಟಲು ಕಟ್ಟಿತು. ಬಸ್ಸು ಮುಂದೆ ಹೋಗುತ್ತಿತ್ತು. ಅವಳು ಅದರ ಜೊತೆ ಓಡಿದಳು. ಜೀವಮಾನದಲ್ಲಿ ಒಮ್ಮೆಯೂ ಗಟ್ಟಿಯಾಗಿ ಮಾತಾಡದವಳು ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಕೂಗಿದಳು.

"ಬನ್ನೀ...!"

ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವನೂ ಕೂಗಿದ.

"ಬಂದೇ ಅಂತ ತಿಳ್ಕೊ!"